ಬೀಜದ ತಟ್ಟೆ ಕೊರೆಯುವ ಯಂತ್ರ ಎಲ್ಲಿ ತಪ್ಪುತ್ತದೆ?

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯಲ್ಲಿ ಆರು ಎಕರೆ ಹೊಲ, ಎಲ್ಲ ಮಳೆ ನಂಬಿದ್ದು. ಶೇಂಗಾ ಮುಖ್ಯ ಬೆಳೆ. ಐಟಿಐ ಮುಗಿಸಿದ ಮಗ ಒಂದು ಪುಟ್ಟ ಸಿಎನ್‌ಸಿ ರೌಟರ್ ತಂದಿದ್ದಾನೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರದ ಪ್ರಕಾರ ಮರ, ಪ್ಲಾಸ್ಟಿಕ್ ಕೊರೆಯುವ ಯಂತ್ರ ಅದು. ಮೇಜು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ಬೆಲೆ ಒಂದು ಎಮ್ಮೆಗಿಂತ ಕಡಿಮೆ.

ನಮ್ಮಲ್ಲಿ ಕೈಯಿಂದ ತಳ್ಳುವ ಬಿತ್ತುವ ಸಾಧನ ಇದೆ. ಅದರ ಡಬ್ಬದೊಳಗೆ ಅಂಚಿಗೆ ಕಚ್ಚು ಇರುವ ಒಂದು ತಟ್ಟೆ ತಿರುಗುತ್ತದೆ. ಕಚ್ಚಿಗೊಂದು ಬೀಜ ಕೂತು ಕೊಳವೆಗೆ ಬೀಳುತ್ತದೆ. ಕೊಂಡು ತಂದ ತಟ್ಟೆ ನಮ್ಮ ಬೀಜದ ಗಾತ್ರಕ್ಕೆ ಹೊಂದಲಿಲ್ಲ. ನಾವೇ ಕೊರೆಯೋಣ ಅಂದುಕೊಂಡೆವು.

ಲೆಕ್ಕ ಸುಲಭ. ಚಕ್ರದ ಅಡ್ಡಳತೆ 35 ಸೆಂ.ಮೀ., ಸುತ್ತಳತೆ ಸುಮಾರು 110 ಸೆಂ.ಮೀ. ಚಕ್ರ ಒಂದು ಸುತ್ತಿದರೆ ತಟ್ಟೆಯೂ ಒಂದು ಸುತ್ತು. 11 ಕಚ್ಚು ಇದ್ದರೆ 10 ಸೆಂ.ಮೀಗೊಂದು ಬೀಜ.

ಹೊಲವೇ ತಪ್ಪು ತೋರಿಸಿತು

2023ರ ಜುಲೈ ಕೊನೆ, ಪುಷ್ಯ ಮಳೆಯ ಹದ. ಹೊಸ ತಟ್ಟೆ ಹಾಕಿ ಒಂದು ಎಕರೆ ಬಿತ್ತಿದೆ. ಬಿತ್ತಿದ ಮೇಲೂ ಚೀಲದಲ್ಲಿ ಬೀಜ ಉಳಿದಿತ್ತು. ಉಳಿತಾಯ ಆಯ್ತು ಅಂತ ಖುಷಿಪಟ್ಟೆ! ಅಲ್ಲೇ ಎಚ್ಚರ ಆಗಬೇಕಿತ್ತು.

ಮೊಳಕೆ ಬಂದಾಗ ಸಾಲಿನ ತುಂಬ ಖಾಲಿ. ಇರುವೆ, ಹಕ್ಕಿ ತಿಂದಿರಬೇಕು ಅಂದ್ರು ಅಕ್ಕಪಕ್ಕದವರು. ಟೇಪು ಹಿಡಿದು ಅಳೆದೆ. ಎಂಟು ಗಿಡ ಸರಿಯಾಗಿ 10 ಸೆಂ.ಮೀಗೊಂದು, ಆಮೇಲೆ 40 ಸೆಂ.ಮೀ. ಖಾಲಿ. ಮತ್ತೆ ಎಂಟು ಗಿಡ, ಮತ್ತೆ 40 ಖಾಲಿ. 70 ಮತ್ತು 40 ಕೂಡಿದರೆ 110, ಅಂದ್ರೆ ಚಕ್ರದ ಒಂದು ಸುತ್ತು! ಹಕ್ಕಿ ಹೀಗೆ ಲೆಕ್ಕ ಹಾಕಿ ತಿನ್ನೋದಿಲ್ಲ. ತಟ್ಟೆ ಬಿಚ್ಚಿ ನೋಡಿದರೆ ಕೊನೆಗೆ ಕೊರೆದ ಮೂರು ಕಚ್ಚು 3 ಮಿ.ಮೀ. ಹೊರಕ್ಕೆ ಸರಿದಿದ್ದವು. ಆಳ ಸಾಲದೆ ಬೀಜ ಎದ್ದು ನಿಂತು, ಬ್ರಷ್ ಅದನ್ನು ಒರೆಸಿ ಹಾಕುತ್ತಿತ್ತು.

ಹನ್ನೊಂದರಲ್ಲಿ ಮೂರು ಅಂದ್ರೆ ಎಕರೆಯ ಕಾಲು ಭಾಗಕ್ಕೂ ಹೆಚ್ಚು ಗಿಡ ಹೋಯ್ತು. ಕೈಯಿಂದ ಬೀಜ ಊರೋಣ ಅಂದ್ರೆ ಅಷ್ಟರಲ್ಲಿ ಮೇಲ್ಮಣ್ಣು ಒಣಗಿತ್ತು. ಆಗಸ್ಟ್ ಒಣಗಿಯೇ ಕಳೆಯಿತು. ಆ ವರ್ಷ ರಾಜ್ಯದ ಹೆಚ್ಚಿನ ತಾಲೂಕುಗಳು ಬರದ ಪಟ್ಟಿಗೆ ಸೇರಿದವು. ಒಣಬೇಸಾಯದವನಿಗೆ ಹದ ಎರಡನೇ ಸಲ ಸಿಗುವುದಿಲ್ಲ.

ಯಂತ್ರಕ್ಕೆ ಕಣ್ಣಿಲ್ಲ

ಇಂಥ ಸಣ್ಣ ಯಂತ್ರದ ಬಗ್ಗೆ ಮೊದಲು ತಿಳಿಯಬೇಕಾದ್ದು: ತಾನು ಎಲ್ಲಿದ್ದೇನೆ ಎಂದು ಅದು ನೋಡಿಕೊಳ್ಳುವುದಿಲ್ಲ. ಕೊಟ್ಟ ಹೆಜ್ಜೆಗಳನ್ನು ಎಣಿಸುತ್ತದೆ, ಅಷ್ಟೆ. ಕತ್ತಲಲ್ಲಿ ಬದುವಿನ ಮೇಲೆ ಹೆಜ್ಜೆ ಎಣಿಸುತ್ತ ಹೋಗುವವನ ಹಾಗೆ. ಒಂದು ಕಡೆ ಕಾಲು ಜಾರಿದರೂ ಎಣಿಕೆ ನಿಲ್ಲುವುದಿಲ್ಲ. ಮುಂದಿನದೆಲ್ಲ ತಪ್ಪು ಜಾಗಕ್ಕೆ ಹೋಗುತ್ತದೆ.

ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಒಂದು ಹೆಜ್ಜೆಯನ್ನು 16 ಪಾಲು ಮಾಡುತ್ತದೆ, ಒಟ್ಟು 3200. ನಮ್ಮ ಯಂತ್ರದ ತಿರುಪು ಒಂದು ಸುತ್ತಿಗೆ 4 ಮಿ.ಮೀ. ಸಾಗುತ್ತದೆ. 3200ನ್ನು 4ರಿಂದ ಭಾಗಿಸಿದರೆ ಮಿ.ಮೀಗೆ 800 ಹೆಜ್ಜೆ. ಗ್ರಬಲ್ ತಂತ್ರಾಂಶದ ಸೆಟ್ಟಿಂಗ್ ಪಟ್ಟಿಯಲ್ಲಿ 100, 101, 102ನೇ ಸಾಲುಗಳಲ್ಲಿ ಎಕ್ಸ್, ವೈ, ಝಡ್ ದಿಕ್ಕುಗಳ ಈ ಸಂಖ್ಯೆ ಇರುತ್ತದೆ.

ಮಗ ಅವಸರದಲ್ಲಿ ಮೊದಲು ಈ ಸಂಖ್ಯೆಯನ್ನೇ ಬದಲಾಯಿಸಿದ. ಮುಂದಿನ ತಟ್ಟೆಯಲ್ಲಿ ಸರಿ ಇದ್ದ ಎಂಟು ಕಚ್ಚೂ ಕೆಟ್ಟವು. ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು: ತಪ್ಪು ಯಾವ ರೂಪದ್ದು ಎಂದು ಅಳೆಯುವ ತನಕ ಯಾವ ತಿರುಪೂ ಮುಟ್ಟಬಾರದು.

ತಪ್ಪಿನ ರೂಪ ನೋಡಿ ಕಾರಣ ಹಿಡಿಯಿರಿ

1. ಎಲ್ಲವೂ ಒಂದೇ ಕಡೆಗೆ ಒಂದೇ ಅಳತೆ ಸರಿದಿದ್ದರೆ: ಸೊನ್ನೆ ಗುರುತು ತಪ್ಪು. ಆಕಾರ ಸರಿ ಇರುತ್ತದೆ, ಜಾಗ ಮಾತ್ರ ತಪ್ಪು. ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಕೂಡುಗೀಟು ಹಾಕಿ, ಬಿಟ್ಟಿನ ಮೊನೆ ಅಲ್ಲಿಗೆ ತಂದು ಸೊನ್ನೆ ಮಾಡಿ.

2. ಇಡೀ ಚಿತ್ರ ಒಂದೇ ಪ್ರಮಾಣದಲ್ಲಿ ದೊಡ್ಡದೋ ಸಣ್ಣದೋ ಆದರೆ: ಹೆಜ್ಜೆಯ ಸಂಖ್ಯೆ ತಪ್ಪು. ಸರಿಯಾಗಿ ಅರ್ಧ ಅಥವಾ ಎರಡರಷ್ಟು ಬಂದರೆ ತಿರುಪಿನ ಅಳತೆಯನ್ನೋ ಡ್ರೈವರಿನ ಪಾಲನ್ನೋ ತಪ್ಪು ಹಿಡಿದಿದ್ದೀರಿ. 25.4ರಷ್ಟು ವ್ಯತ್ಯಾಸ ಬಂದರೆ ಇಂಚು ಮತ್ತು ಮಿ.ಮೀ. ಅದಲುಬದಲಾಗಿದೆ. ತಿರುಪಿನ ಯಂತ್ರಕ್ಕೆ ಲೆಕ್ಕದಿಂದ ಬಂದ ಸಂಖ್ಯೆಯೇ ಸರಿ. ಕೂದಲೆಳೆ ವ್ಯತ್ಯಾಸಕ್ಕೆ ಅದನ್ನು ತಿದ್ದಲು ಹೋಗಬೇಡಿ. ಮೊದಲು ಸಡಿಲ ಎಲ್ಲಿದೆ ನೋಡಿ.

3. ದುಂಡನೆಯದು ನಾಲ್ಕು ಕಡೆ ಸ್ವಲ್ಪ ಚಪ್ಪಟೆಯಾದರೆ: ತಿರುಪು ಮತ್ತು ನಟ್ಟಿನ ನಡುವೆ ಸಡಿಲ. ದಿಕ್ಕು ತಿರುಗುವಾಗ ಮೋಟಾರು ಸುತ್ತಿದರೂ ಮೇಜು ಕೂಡಲೇ ಕದಲುವುದಿಲ್ಲ. ಪರೀಕ್ಷೆ ಹೀಗೆ: ಬಿಟ್ ತೆಗೆದು ಪೆನ್ ಕಟ್ಟಿ. ಎಡದಿಂದ 50 ಮಿ.ಮೀಗೆ ತಂದು ಗೀಟು ಹಾಕಿ. 60ಕ್ಕೆ ಹೋಗಿ ಬಲದಿಂದ 50ಕ್ಕೆ ಮರಳಿ ಇನ್ನೊಂದು ಗೀಟು ಹಾಕಿ. ಎರಡೂ ಗೀಟಿನ ನಡುವಿನ ಅಂತರವೇ ಸಡಿಲದ ಅಳತೆ. ನಟ್ಟು, ಅದರ ಸ್ಪ್ರಿಂಗ್ ನೋಡಿ ಸರಿಪಡಿಸಿ.

4. ಮೊದಲು ಸರಿ ಇದ್ದು ನಡುವೆ ತಪ್ಪಿದರೆ: ಹೆಜ್ಜೆ ಜಾರಿದೆ, ಇಲ್ಲವೇ ಹಲಗೆಯೇ ಸರಿದಿದೆ. ನಮ್ಮದು ಈ ಜಾತಿಯ ತಪ್ಪು. ಎರಡನ್ನೂ ಬೇರೆ ಮಾಡಲು ಎರಡು ಗುರುತು ಬೇಕು, ಹಲಗೆಯ ಮೇಲೊಂದು, ಯಂತ್ರದ ಮೇಜಿನ ಮೇಲೊಂದು. ಕೆಲಸ ಮುಗಿದ ಮೇಲೆ ಬಿಟ್ಟನ್ನು ಎರಡೂ ಗುರುತಿಗೆ ಕಳಿಸಿ. ಮೇಜಿನದಕ್ಕೆ ಸರಿ ಬಂದು ಹಲಗೆಯದಕ್ಕೆ ತಪ್ಪಿದರೆ ಹಲಗೆ ಸರಿದಿದೆ, ಬಿಗಿ ಸಾಲದು. ಮೇಜಿನದಕ್ಕೂ ತಪ್ಪಿದರೆ ಹೆಜ್ಜೆ ಜಾರಿದೆ.

ಜಾರಿದ್ದು ಎಲ್ಲಿ? ಪೆನ್ ಕಟ್ಟಿ ಅದೇ ಚಿತ್ರ ಬರೆಸಿ. ಪೆನ್ನಿನಲ್ಲೂ ತಪ್ಪಿದರೆ ಯಂತ್ರದಲ್ಲೇ ದೋಷ. ಮೋಟಾರಿನ ದಂಡವನ್ನು ತಿರುಪಿಗೆ ಸೇರಿಸುವ ಕಪ್ಲಿಂಗಿನ ಸಣ್ಣ ಸ್ಕ್ರೂ ಸಡಿಲವಾಗಿರಬಹುದು. ದಂಡ, ಕಪ್ಲಿಂಗ್ ಎರಡರ ಮೇಲೂ ಸೇರುವಂತೆ ಒಂದು ಶಾಯಿ ಗೀಟು ಎಳೆಯಿರಿ. ಯಂತ್ರ ಓಡಿದ ಮೇಲೆ ಗೀಟು ಎರಡು ತುಂಡಾಗಿ ಕಂಡರೆ ಜಾರಿದ್ದು ಅಲ್ಲೇ.

ಪೆನ್ನಿನಲ್ಲಿ ಸರಿ ಬಂದು ಕೊರೆಯುವಾಗ ಮಾತ್ರ ತಪ್ಪಿದರೆ ಹೊರೆ ಹೆಚ್ಚು. ನಮ್ಮದು ಹೀಗೇ ಆಗಿತ್ತು. 8 ಮಿ.ಮೀ. ಪ್ಲಾಸ್ಟಿಕ್ ಹಲಗೆಯನ್ನು ಸಲಕ್ಕೆ 2 ಮಿ.ಮೀ. ಆಳ ಕೊರೆಯುತ್ತಿದ್ದೆವು. ಎಳೆ ಎಳೆಯಾದ ಹೊಟ್ಟು ಕಚ್ಚಿನಲ್ಲಿ ತುಂಬಿ ಬಿಟ್ಟನ್ನು ಹಿಡಿದು ಬಿಟ್ಟಿತ್ತು. ಈಗ ಸಲಕ್ಕೆ ಅರ್ಧ ಮಿ.ಮೀ. ಮಾತ್ರ. ನಡುನಡುವೆ ಯಂತ್ರ ನಿಲ್ಲಿಸಿ ಬ್ರಷ್‌ನಿಂದ ಹೊಟ್ಟು ತೆಗೆಯುತ್ತೇವೆ. ಮುನ್ನಡೆಯುವ ವೇಗ ತೀರ ಇಳಿಸಲೂಬಾರದು, ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಅಂಟುತ್ತದೆ.

5. ತಟ್ಟೆ ಸಣ್ಣದು, ತೂತು ದೊಡ್ಡದು ಆದರೆ: ಯಂತ್ರದ ತಪ್ಪಲ್ಲ, ದಾರಿಯ ತಪ್ಪು. ಬಿಟ್ಟಿಗೂ ದಪ್ಪ ಇದೆ. ನಮ್ಮದು 3.175 ಮಿ.ಮೀ. ಗೀಟಿನ ಮೇಲೇ ಓಡಿಸಿದರೆ ಎರಡೂ ಕಡೆ ಅರ್ಧರ್ಧ ತಿನ್ನುತ್ತದೆ. ಹೊರ ಸುತ್ತಿಗೆ ಗೀಟಿನ ಹೊರಗೆ, ತೂತಿಗೆ ಗೀಟಿನ ಒಳಗೆ ಓಡುವಂತೆ ಹೇಳಬೇಕು. ಕಂಪ್ಯೂಟರಿಗೆ ಕೊಟ್ಟ ದಪ್ಪವೂ ಬಿಟ್ಟಿನ ದಪ್ಪವೂ ಒಂದೇನಾ ಎಂದು ಕ್ಯಾಲಿಪರ್ ಹಿಡಿದು ನೋಡಿ.

6. ಆಳ ಹೋಗ್ತಾ ಹೋಗ್ತಾ ಹೆಚ್ಚಾದರೆ: ಹಿಡಿಯಿಂದ ಬಿಟ್ ಜಾರಿ ಇಳಿಯುತ್ತಿರಬಹುದು. ಹಿಡಿ ಒರೆಸಿ, ಬಿಗಿ ಮಾಡಿ.

ಕೊರೆಯುವಾಗ ಕನ್ನಡಕ ಹಾಕಿ. ತಿರುಗುವ ಬಿಟ್ಟಿನ ಹತ್ತಿರ ಕೈ, ಟವೆಲ್ಲು ಬೇಡ.

ಹೊಲಕ್ಕೆ ಮುಂಚೆ ಕಣ

ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ. ಹೊಸ ತಟ್ಟೆಯನ್ನು ನೇರ ಹೊಲಕ್ಕೆ ಒಯ್ದೆ. ಈಗ ಮೊದಲು ಕಣ ಗುಡಿಸಿ 11 ಮೀಟರ್ ಅಳೆದು ತಳ್ಳುತ್ತೇನೆ. ಅದು ಚಕ್ರದ ಹತ್ತು ಸುತ್ತು. 110 ಬೀಜ ಬೀಳಬೇಕು. ನೆಲದ ಮೇಲೆ ಬೀಜ ಸ್ವಲ್ಪ ಉರುಳುತ್ತದೆ, ಅಂತರ ಪಕ್ಕಾ ಸಿಗುವುದಿಲ್ಲ, ಆದರೆ ಎಣಿಕೆ ಸಿಗುತ್ತದೆ. 80ರ ಹತ್ತಿರ ಬಂದರೆ ಮೂರು ಕಚ್ಚು ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಅರ್ಧ ತಾಸಿನ ಕೆಲಸ. ಅಂದು ಇದನ್ನು ಮಾಡಿದ್ದರೆ ಆ ಎಕರೆ ಉಳಿಯುತ್ತಿತ್ತು.

ಮಗನ ಯಂತ್ರವನ್ನು ನಾನು ಬೈಯುವುದಿಲ್ಲ. ಎಣಿಸು ಅಂದದ್ದನ್ನು ಅದು ಎಣಿಸಿತು. ಅಳೆದು ನೋಡುವ ಕೆಲಸ ನಮ್ಮದು. ಹಳೆ ತಟ್ಟೆಯನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದೇನೆ. ಪ್ರತಿ ಮುಂಗಾರಿಗೆ ಬಿತ್ತುವ ಸಾಧನ ಹೊರ ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತದೆ.