ಒಳ್ಳೆಯ ದುರ್ಬೀನಿನ ಆಯ್ಕೆ

ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ರಂಗನತಿಟ್ಟು ಪಕ್ಷಿಧಾಮವಿದೆ. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಇಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡುವುದು ವಾಡಿಕೆ. ಬಣ್ಣದ ಕೊಕ್ಕರೆಯು ತನ್ನ ಮರಿಗೆ ಗುಟುಕು ಕೊಡುವುದನ್ನು ಚೆನ್ನಾಗಿ ಕಾಣಲು ಬರಿಗಣ್ಣು ಸಾಲದು. ತೀರ ಹತ್ತಿರ ಹೋದರೆ ಹಕ್ಕಿ ಬೆದರಿ ಗೂಡು ಬಿಟ್ಟೇಳುತ್ತದೆ. ದೂರದಲ್ಲಿಯೇ ಇದ್ದು ಹತ್ತಿರದ ನೋಟವನ್ನು ಪಡೆಯುವ ಸಾಧನವೇ ಬೈನಾಕ್ಯುಲರ್ ಎಂದು ಕರೆಯಲ್ಪಡುವ ಜೋಡಿ ದುರ್ಬೀನು.

ದುರ್ಬೀನನ್ನು ಕೊಳ್ಳಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಎಂಬುದು. ಇಪ್ಪತ್ತು ಪಟ್ಟು ಎಂದರೆ ಎಂಟು ಪಟ್ಟಿಗಿಂತ ಮೇಲೆಂದು ಅವರು ಭಾವಿಸುತ್ತಾರೆ. ಆದರೆ ದುರ್ಬೀನು ಹಕ್ಕಿಯನ್ನು ಎಷ್ಟು ಪಟ್ಟು ಹಿಗ್ಗಿಸುವುದೋ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ತೇಲುವ ದೋಣಿಯಲ್ಲಿ ಇಪ್ಪತ್ತು ಪಟ್ಟಿನ ದುರ್ಬೀನು ಹಿಡಿದವನಿಗೆ ಕಾಣುವುದು ಕೊಕ್ಕರೆಯಲ್ಲ, ಕುಣಿಯುವ ಬಿಳಿಯ ಮಚ್ಚೆ. ಎಂಟು ಪಟ್ಟಿನ ಹಗುರವಾದ ದುರ್ಬೀನು ಹಿಡಿದವನು ಅದರ ಕೊಕ್ಕಿನ ಹಳದಿಯನ್ನೂ ರೆಕ್ಕೆಯ ನಸುಗೆಂಪನ್ನೂ ನೆಮ್ಮದಿಯಾಗಿ ನೋಡುತ್ತಾನೆ. ಆದುದರಿಂದ ಆಯ್ಕೆಗೆ ಮೊದಲು ಉಪಕರಣದ ರಚನೆಯನ್ನು ತಿಳಿಯುವುದು ಲೇಸು.

ಎರಡು ಪೀನ ಮಸೂರಗಳಿಂದ ದೂರದರ್ಶಕವನ್ನು ರಚಿಸಬಹುದೆಂದು ಕೆಪ್ಲರ್ 1611ರಲ್ಲಿ ವಿವರಿಸಿದನು. ಆದರೆ ಅದರಲ್ಲಿ ಬಿಂಬವು ತಲೆಕೆಳಗಾಗಿ, ಎಡಬಲಗಳು ಅದಲುಬದಲಾಗಿ ಕಾಣುತ್ತವೆ. ಕೊಳವೆಯೂ ಉದ್ದವಾಗಿರುತ್ತದೆ. ಇಟಲಿಯ ಇಗ್ನಾಸಿಯೋ ಪೊರ್ರೊ ಎಂಬಾತನು ಈ ತೊಡಕಿಗೆ ಪರಿಹಾರ ಕಂಡುಹಿಡಿದು 1854ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಎರಡು ಲಂಬಕೋನ ಅಶ್ರಗಗಳನ್ನು, ಎಂದರೆ ಪ್ರಿಸಮ್‌ಗಳನ್ನು, ಒಂದಕ್ಕೊಂದು ಅಡ್ಡಲಾಗಿ ನಿಲ್ಲಿಸಿದರೆ ಬೆಳಕು ಒಟ್ಟು ನಾಲ್ಕು ಸಲ ಪ್ರತಿಫಲಿಸುತ್ತದೆ. ಒಂದು ಅಶ್ರಗ ಮೇಲುಕೆಳಗನ್ನು ಸರಿಪಡಿಸಿದರೆ ಇನ್ನೊಂದು ಎಡಬಲಗಳನ್ನು ಸರಿಪಡಿಸುತ್ತದೆ. ಬೆಳಕಿನ ದಾರಿ ಮಡಿಸಿಕೊಳ್ಳುವುದರಿಂದ ಕೊಳವೆಯೂ ಮೊಟಕಾಗುತ್ತದೆ. ಜರ್ಮನಿಯ ಯೇನಾ ನಗರದ ಝೈಸ್ ಸಂಸ್ಥೆಯು ವಿಜ್ಞಾನಿ ಎರ್ನ್‌ಸ್ಟ್ ಅಬೆಯ ಮಾರ್ಗದರ್ಶನದಲ್ಲಿ ಇಂತಹ ಜೋಡಿ ದುರ್ಬೀನುಗಳನ್ನು 1894ರಲ್ಲಿ ಮಾರಾಟಕ್ಕೆ ತಂದಿತು.

ಗಾಜಿನೊಳಗಿನ ಈ ನಾಲ್ಕೂ ಪ್ರತಿಫಲನಗಳು ಪೂರ್ಣ ಆಂತರಿಕ ಪ್ರತಿಫಲನಗಳಾದ್ದರಿಂದ ಅಶ್ರಗಗಳಿಗೆ ಕನ್ನಡಿಯ ಲೇಪ ಬೇಕಿಲ್ಲ. ನೇರ ಕೊಳವೆಯ ದುರ್ಬೀನುಗಳ ಅಶ್ರಗಗಳಿಗೆ ಸಾಮಾನ್ಯವಾಗಿ ಇಂತಹ ಲೇಪವೂ ಇನ್ನೂ ಹೆಚ್ಚಿನ ನಿಖರತೆಯ ಕೆಲಸವೂ ಅಗತ್ಯ. ಮಿತವಾದ ಬೆಲೆಗೆ ಪೊರ್ರೊ ಮಾದರಿಯಲ್ಲಿ ಹೆಚ್ಚು ಒಳ್ಳೆಯ ಬಿಂಬ ದೊರೆಯುವುದು ಇದರಿಂದಲೇ.

ದುರ್ಬೀನಿನ ಮೇಲೆ 8×30 ಎಂಬಂತಹ ಅಂಕಿಗಳಿರುತ್ತವೆ. ಮೊದಲನೆಯದು ವರ್ಧನೆ; ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ದೊರೆಯುತ್ತದೆ. 8×30ರಲ್ಲಿ ಅದು 3.75 ಮಿ.ಮೀ., 7×50ರಲ್ಲಿ ಸುಮಾರು 7 ಮಿ.ಮೀ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುವುದರಿಂದ ಉಳಿದ ಬೆಳಕು ಒಳಗೆ ಹೋಗದು. ಹಾಗಿರುವಾಗ ಸುಮಾರು ಒಂದು ಕಿಲೋಗ್ರಾಂ ತೂಗುವ 7×50ನ್ನು ದಿನವಿಡೀ ಹೊರುವುದೇಕೆ? 8×30ರ ತೂಕ ಸಾಮಾನ್ಯವಾಗಿ ಅದರ ಅರ್ಧದಷ್ಟು, ಇಲ್ಲವೆ ತುಸು ಹೆಚ್ಚು. ನಕ್ಷತ್ರವೀಕ್ಷಣೆಗೆ ಮಾತ್ರ ದೊಡ್ಡ ಮಸೂರ ತಕ್ಕುದು.

ಆದರೆ ಹಗುರವಾದುದೆಲ್ಲ ಉತ್ತಮವಲ್ಲ. ಮಸೂರವು ಮಿತವಾಗಿ, ಒಡಲು ತೆಳು ಲೋಹದ್ದಾಗಿ ತೂಕ ಇಳಿದಿದ್ದರೆ ಸರಿ. ಅಶ್ರಗವನ್ನು ಕಿರಿದುಗೊಳಿಸಿ, ಮಸೂರವನ್ನು ಪ್ಲಾಸ್ಟಿಕ್ಕಿನಿಂದ ಮಾಡಿ ಇಳಿಸಿದ್ದರೆ ಅದು ಮೋಸ. ಗಾಜಿನ ಲೇಪವನ್ನೂ ಗಮನಿಸಬೇಕು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯಲ್ಲಿಯೂ ಶೇಕಡ 4ರಷ್ಟು ಬೆಳಕು ಹಿಂದಿರುಗುತ್ತದೆ. ಅಂತಹ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಪಾಲು ಬೆಳಕು ನಷ್ಟ. ಝೈಸ್ ಸಂಸ್ಥೆಯ ಸ್ಮಾಕುಲಾ 1935ರಲ್ಲಿ ರೂಪಿಸಿದ ತೆಳು ಲೇಪವು ಈ ನಷ್ಟವನ್ನು ತಗ್ಗಿಸಿತು. ಹಲವು ಪದರಗಳ ಲೇಪ ಇನ್ನೂ ಉತ್ತಮ. ಹೊಳೆಯುವ ಕೆಂಪು ಲೇಪಕ್ಕೆ ಮರುಳಾಗಬಾರದು. ಅದು ಕೆಂಪು ಬೆಳಕನ್ನು ಹಿಂದಕ್ಕಟ್ಟಿ ಬಿಂಬದ ಬಣ್ಣವನ್ನು ಕೆಡಿಸುತ್ತದೆ.

ಅಂಗಡಿಯಲ್ಲಿಯೇ ಕೆಲವು ಪರೀಕ್ಷೆಗಳನ್ನು ಮಾಡಬಹುದು. ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು, ಸೂರ್ಯನಿಲ್ಲದ ಕಡೆಯ ಆಕಾಶಕ್ಕೆ ತಿರುಗಿಸಿ, ನೇತ್ರಮಸೂರಗಳನ್ನು ನೋಡಿ. ಬೆಳಕಿನ ಚುಕ್ಕೆಗಳು ಪೂರ್ತಿ ದುಂಡಾಗಿರಬೇಕು; ಅಂಚು ಬೂದುಬಣ್ಣವಾಗಿ ಚೌಕದಂತೆ ಕಂಡರೆ ಅಶ್ರಗದ ಗಾಜು ಕೆಳದರ್ಜೆಯದಿರಬಹುದು. ಬಳಿಕ ದೂರದ ತಂತಿಯೊಂದನ್ನು ನೋಡುತ್ತ ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಹಿಂದೆ ಸರಿಸಿ. ಎರಡು ವೃತ್ತಗಳಲ್ಲಿಯೂ ತಂತಿ ಒಂದೇ ಮಟ್ಟದಲ್ಲಿ ಕಾಣಬೇಕು. ಹೆಚ್ಚುಕಡಿಮೆಯಾಗಿದ್ದರೆ ಕೊಳವೆಗಳು ಸಮಾಂತರವಾಗಿಲ್ಲ. ಅಂತಹ ದುರ್ಬೀನು ತಲೆನೋವು ತರುತ್ತದೆ. ಕೊಂಡವನಾದರೋ ತನ್ನ ಕಣ್ಣಿನಲ್ಲೇ ದೋಷವಿದೆಯೆಂದು ಬಗೆದು ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾನೆ. ಕನ್ನಡಕ ಧರಿಸುವವರು ಅದನ್ನು ತೆಗೆಯದೆಯೇ ಇಡೀ ವೃತ್ತ ಕಾಣುವುದೇ ಎಂದು ನೋಡಿಕೊಳ್ಳಬೇಕು.

ಪೊರ್ರೊ ಮಾದರಿಗೆ ಒಂದು ಕೊರತೆಯೂ ಉಂಟು. ಅನೇಕ ದುರ್ಬೀನುಗಳಲ್ಲಿ ತಿರುಪನ್ನು ತಿರುಗಿಸಿದಾಗ ನೇತ್ರಮಸೂರಗಳು ಹೊರಗೊಳಗೆ ಚಲಿಸುವುದರಿಂದ ಧೂಳೂ ತೇವವೂ ಒಳಸೇರಬಹುದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದುಂಟು. ಸಿಲಿಕಾ ಜೆಲ್ ಇರಿಸಿದ ಡಬ್ಬಿಯಲ್ಲಿ ಅದನ್ನು ಕಾಪಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದುರ್ಬೀನಿನಿಂದ ಸೂರ್ಯನನ್ನು ಎಂದಿಗೂ ನೋಡಕೂಡದು. ಕ್ಷಣಮಾತ್ರದಲ್ಲಿ ದೃಷ್ಟಿಯೇ ಹೋದೀತು.

ಕೂಡಿಟ್ಟ ಹಣದಿಂದ ಕೊಳ್ಳುವ ಉಪಕರಣವನ್ನು ದೊಡ್ಡ ಅಂಕಿಗಳನ್ನು ನೋಡಿ ಆರಿಸಬಾರದು. ತನ್ನ ಕೈ ಮತ್ತು ಕಣ್ಣುಗಳಿಂದ ಪರೀಕ್ಷಿಸಿ ಆರಿಸಬೇಕು. ಕತ್ತಿಗೆ ಭಾರವಾಗದೆ, ಕಣ್ಣಿಗೆ ಆಯಾಸವಾಗದೆ, ನೋಡುವವನು ಉಪಕರಣವನ್ನು ಮರೆತು ಹಕ್ಕಿಯೊಂದನ್ನೇ ನೋಡುವಂತೆ ಮಾಡುವ ದುರ್ಬೀನೇ ಒಳ್ಳೆಯ ದುರ್ಬೀನು.

ಅಭ್ಯಾಸ

1. ಹೆಚ್ಚು ವರ್ಧನೆಯುಳ್ಳ ದುರ್ಬೀನು ದೋಣಿಯಲ್ಲಿ ಏಕೆ ಉಪಯುಕ್ತವಲ್ಲ?
2. ಪೊರ್ರೊ ರೂಪಿಸಿದ ರಚನೆಯಿಂದ ಯಾವ ಎರಡು ತೊಡಕುಗಳು ಪರಿಹಾರವಾದವು?
3. 10×50 ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲವೆಷ್ಟು?
4. "ಹಗುರವಾದುದೆಲ್ಲ ಉತ್ತಮವಲ್ಲ" – ಈ ಮಾತನ್ನು ವಿವರಿಸಿರಿ.