ಹವಳ ಬೇಡ, ಕತ್ತರಿಸುವ ಕೈ ಇರಲಿ

ಪ್ರಶ್ನೆ: ಬೈಲಹೊಂಗಲದ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಹವಳವನ್ನು ತುಂಡು ಮಾಡಿ ಬೆಳೆಸಬೇಕೆಂದಿದ್ದೇನೆ. ಯಾವ ಉಪಕರಣ ಬೇಕು, ಸರ್?

ಉತ್ತರ: ಉಪಕರಣಕ್ಕಿಂತ ಮೊದಲು ಕಾನೂನು ನೋಡಿ. ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ; ಹುಲಿ ಇರುವುದೂ ಅದರಲ್ಲೇ. ‘ನಾನು ಸಮುದ್ರದಿಂದ ಕೀಳುವುದಿಲ್ಲ, ಇರುವುದನ್ನೇ ಹೆಚ್ಚಿಸುತ್ತೇನೆ’ ಎನ್ನಬಹುದು. ಈ ವಾದದಲ್ಲಿ ಹುರುಳಿದೆ: ಹವಳ ತುಂಡಿನಿಂದ ಬೆಳೆಯುತ್ತದೆ, ಹವಳದ ದಿಬ್ಬಗಳ ಪುನಶ್ಚೇತನವೂ ಹಾಗೆಯೇ ನಡೆಯುತ್ತದೆ. ಆದರೆ ನಿಮ್ಮ ಮೊದಲ ತುಂಡು ಎಲ್ಲಿಯದು? ಅದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ್ದೋ, ಮನ್ನಾರ್ ಕೊಲ್ಲಿಯದೋ ನೋಡಿ ಹೇಳಲಾಗದು. ಕೊಳ್ಳುವವರಿದ್ದರೆ ಕೀಳುವವರೂ ಹುಟ್ಟುತ್ತಾರೆ.

ಕತ್ತರಿಸಿ ಬೆಳೆಸುವ ಖುಷಿ ಸಿಹಿನೀರಿನಲ್ಲೂ ಸಿಗುತ್ತದೆ. ಅನುಬಿಯಾಸ್ ಎಂಬ ನೀರುಗಿಡದ ಅಡ್ಡಗೆಡ್ಡೆಯನ್ನು ಹರಿತವಾದ, ಸ್ವಚ್ಛ ಬ್ಲೇಡಿನಿಂದ, ಪ್ರತಿ ತುಂಡಿಗೂ ಮೂರು-ನಾಲ್ಕು ಎಲೆ ಉಳಿಯುವಂತೆ ಕೊಯ್ಯಿರಿ. ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿ. ಮರಳಲ್ಲಿ ಹೂತರೆ ಗೆಡ್ಡೆ ಕೊಳೆಯುತ್ತದೆ. ಕಟ್ಟಲು ಸವದತ್ತಿ, ರಾಮದುರ್ಗದ ಕಡೆಯ ಮರಳುಗಲ್ಲು ಚೆನ್ನ. ಕಲ್ಲಿನ ಮೇಲೆ ಒಂದು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಆ ಕಲ್ಲು ಬೇಡ. ಹವಳದ ಬಣ್ಣ ಗಿಡಕ್ಕೆಲ್ಲಿದೆ ಎನ್ನುವಿರಿ. ನಿಜ. ಆದರೆ ಇಲ್ಲಿ ಬೆಳೆದ ತುಂಡನ್ನು ಕಿತ್ತೂರಿನ ಗೆಳೆಯರಿಗೆ ಹಂಚಲು ಯಾವ ಅಂಜಿಕೆಯೂ ಇಲ್ಲ. ಹವಳ ನೋಡಲೇಬೇಕೆನಿಸಿದರೆ ನೇತ್ರಾಣಿಯಲ್ಲಿ ತರಬೇತಿ ಪಡೆದ ಮಾರ್ಗದರ್ಶಕರೊಂದಿಗೆ ನೀರಿಗಿಳಿಯಿರಿ. ಮುಟ್ಟದೆ, ಮುರಿಯದೆ ನೋಡಿ ಬನ್ನಿ.