ರಿಫ್ರೈಡ್ ಬೀನ್ಸ್: ಡಬ್ಬಿ ಬಿಡಿ, ರಾಜ್ಮಾ ನೆನೆಹಾಕಿ



ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಮುಂಬಯಿಯ ಗಿರಾಕಿಗಳು ಈಗ ಚಾಟ್ ಮತ್ತು ಚೈನೀಸ್ ಜೊತೆಗೆ ಮೆಕ್ಸಿಕನ್ ಕೌಂಟರನ್ನೂ ಕೇಳುತ್ತಾರೆ. ಟಾಕೊ, ನಾಚೋಸ್, ಬುರಿಟೊಗಳಿಗೆ ಬೇಕಾದ ರಿಫ್ರೈಡ್ ಬೀನ್ಸನ್ನು ನಮ್ಮಲ್ಲಿ ಹಲವರು ಡಬ್ಬಿಯಿಂದ ತೆಗೆದು ಬಿಸಿ ಮಾಡುತ್ತಾರೆ, ಇಲ್ಲವೇ ಬೆಂದ ರಾಜ್ಮಾಕ್ಕೆ ಟೊಮೆಟೊ ಸಾಸ್ ಸುರಿಯುತ್ತಾರೆ. ಎರಡೂ ಬೇಡ. ಪಾವ್‌ಭಾಜಿಯ ಕಾವಲಿ, ಮ್ಯಾಶರ್ ಇದ್ದರೆ ಈ ಕೆಲಸಕ್ಕೆ ಸಾಕು.

ಹೆಸರಿನ ಅರ್ಥ: 'ಎರಡು ಸಲ ಹುರಿದದ್ದು' ಎಂದು ತಿಳಿಯುವುದು ತಪ್ಪು. ಮೆಕ್ಸಿಕೊದ ಸ್ಪ್ಯಾನಿಷಿನಲ್ಲಿ 'ರೆಫ್ರಿತೊ' ಎಂದರೆ ಚೆನ್ನಾಗಿ ಹುರಿದದ್ದು. ಅಲ್ಲಿ ಹಂದಿಯ ಕೊಬ್ಬು ಬಳಸುತ್ತಾರೆ. ನಮಗೆ ಎಣ್ಣೆ ಮತ್ತು ಬೆಣ್ಣೆ ಸಾಕು.

ಕಾಳಿನ ಆಯ್ಕೆ: ಚಿತ್ರಾ ರಾಜ್ಮಾ ಉತ್ತಮ. ಅಲ್ಲಿನ ಪಿಂಟೊ ಕಾಳಿಗೆ ಅದೇ ಹತ್ತಿರ. ಮಳೆಗಾಲದ ತೇವ ಮತ್ತು ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಚೀಲ ಕೊಳ್ಳುವ ಮೊದಲು ಒಂದು ಹಿಡಿ ತಂದು ಬೇಯಿಸಿ ನೋಡಿ.

100 ಪ್ಲೇಟಿಗೆ (ತಲಾ 60 ಗ್ರಾಂ): ಚಿತ್ರಾ ರಾಜ್ಮಾ 2 ಕಿಲೊ, ಎಣ್ಣೆ 400 ಮಿಲಿ, ಬೆಣ್ಣೆ 200 ಗ್ರಾಂ, ಈರುಳ್ಳಿ 750 ಗ್ರಾಂ, ಬೆಳ್ಳುಳ್ಳಿ 100 ಗ್ರಾಂ, ಜೀರಿಗೆ ಪುಡಿ 30 ಗ್ರಾಂ, ಬ್ಯಾಡಗಿ ಮೆಣಸಿನ ಪುಡಿ 30 ಗ್ರಾಂ, ಉಪ್ಪು ಸುಮಾರು 60 ಗ್ರಾಂ, ನಿಂಬೆ 6. ಬ್ಯಾಡಗಿಯಿಂದ ಬಣ್ಣ ಬರುತ್ತದೆ, ಖಾರ ಹೆಚ್ಚಾಗುವುದಿಲ್ಲ.

ವಿಧಾನ

1. ಕಾಳನ್ನು 8ರಿಂದ 10 ಗಂಟೆ ನೆನೆಸಿ. ಮೇ ತಿಂಗಳ ಸೆಕೆಯಲ್ಲಿ ಹೊರಗಿಟ್ಟರೆ ಹುಳಿ ಬರುತ್ತದೆ, ಫ್ರಿಜ್ಜಿನಲ್ಲಿಡಿ. ನೆನೆದ ನೀರು ಚೆಲ್ಲಿ.

2. ಹೊಸ ನೀರು ಹಾಕಿ, ಮುಚ್ಚಳವಿಲ್ಲದೆ 10 ನಿಮಿಷ ಕೊತಕೊತ ಕುದಿಸಿ, ನೊರೆ ತೆಗೆಯಿರಿ. ನಂತರ ಕುಕ್ಕರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬದೆ, ಮೊದಲ ಸೀಟಿಯ ಬಳಿಕ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಅಮುಕಬೇಕು. ಟೊಮೆಟೊ, ನಿಂಬೆ ಈ ಹಂತದಲ್ಲಿ ಬೇಡ. ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಸೋಡಾ ಹಾಕಿದರೆ ಸಾಬೂನಿನ ರುಚಿ ಬರುತ್ತದೆ.

3. ಬೆಂದ ನೀರನ್ನು ಚೆಲ್ಲದೆ ಬೇರೆ ಇಡಿ. ದಪ್ಪನೆಯ ರುಚಿ ಅದರಲ್ಲಿದೆ.

4. ಕಾವಲಿಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿಯನ್ನು ಕಂದು ಬಣ್ಣಕ್ಕೆ ಹುರಿಯಿರಿ. ಬೆಳ್ಳುಳ್ಳಿ, ಜೀರಿಗೆ, ಮೆಣಸಿನ ಪುಡಿ ಹಾಕಿ. ಕಾಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಬೆಂದ ನೀರು ಚಿಮುಕಿಸುತ್ತಾ ಜಜ್ಜಿ. ಕಾಲು ಭಾಗ ಕಾಳು ಹಾಗೆಯೇ ಉಳಿದರೆ ಚೆನ್ನ. ಸಟ್ಟುಗ ಎಳೆದಾಗ ದಾರಿ ಬಿಡಬೇಕು. ಕೊನೆಗೆ ಉಪ್ಪು, ಬೆಣ್ಣೆ, ನಿಂಬೆ. ನಿಂತಷ್ಟೂ ಗಟ್ಟಿಯಾಗುವುದರಿಂದ ಸ್ವಲ್ಪ ಸಡಿಲವಾಗಿಯೇ ಇಳಿಸಿ.

ಜೈನ್ ಪಂಕ್ತಿಗೆ ಈರುಳ್ಳಿ, ಬೆಳ್ಳುಳ್ಳಿ ಬದಲು ಇಂಗು ಮತ್ತು ಢಬ್ಬು ಮೆಣಸು ಬಳಸಿ. ತೊಳೆದ ಕಾವಲಿಯಲ್ಲಿ, ಬೇರೆ ಮ್ಯಾಶರಿನಿಂದ, ಅದನ್ನೇ ಮೊದಲು ಮಾಡಿಡಿ.

ಎರಡು ಎಚ್ಚರಿಕೆ

ಮೊದಲನೆಯದು: ಹಸಿ ರಾಜ್ಮಾದಲ್ಲಿ ಫೈಟೋಹಿಮಾಗ್ಲುಟಿನಿನ್ ಎಂಬ ವಿಷವಸ್ತುವಿದೆ. ಕೆಂಪು ಕಾಳಿನಲ್ಲಿ ಅದು ಹೆಚ್ಚು. ನಾಲ್ಕೈದು ಹಸಿ ಕಾಳು ತಿಂದರೂ 1ರಿಂದ 3 ಗಂಟೆಯೊಳಗೆ ವಾಂತಿ ಶುರುವಾಗಬಹುದು. 1976ರಲ್ಲಿ ಬ್ರಿಟನ್ನಿನಲ್ಲಿ ಬರೀ ನೆನೆಸಿದ ಕಾಳು ತಿಂದ ಶಾಲಾ ಹುಡುಗರಿಗೆ ಹೀಗಾಗಿತ್ತು. ಕುದಿಯದೆ 80 ಡಿಗ್ರಿಯಲ್ಲೇ ನಿಂತರೆ ವಿಷ ಇಳಿಯುವ ಬದಲು ಹೆಚ್ಚಾಗಬಹುದು. ದೊಡ್ಡ ತಪೇಲಿಯ ಅಂಚು ಕುದಿಯುವಾಗ ನಡುವೆ ಇನ್ನೂ ತಣ್ಣಗಿರುತ್ತದೆ. ಆದ್ದರಿಂದ ನಡುಭಾಗ ಕುದಿಯತೊಡಗಿದ ಮೇಲೆಯೇ ಆ 10 ನಿಮಿಷ ಎಣಿಸಿ.

ಎರಡನೆಯದು ನನ್ನದೇ ತಪ್ಪು. ಉಪನಗರದ ಒಂದು ಹುಟ್ಟುಹಬ್ಬಕ್ಕೆ ಬೆಳಿಗ್ಗೆಯೇ ಮಾಡಿ, ಬಿಸಿ ಇರುವಾಗಲೇ ತಪೇಲಿಗೆ ಮುಚ್ಚಳ ಹಾಕಿಟ್ಟೆ. ಸಂಜೆ ತೆರೆದರೆ ಹುಳಿ ವಾಸನೆ, ಸಣ್ಣ ಗುಳ್ಳೆಗಳು. ಹುಡುಗ ನಿಂಬೆ ಹಿಂಡಿ ಬಡಿಸೋಣ ಎಂದ. ನಾನು ಎಲ್ಲವನ್ನೂ ಎಸೆದು, ಆ ಪ್ಲೇಟುಗಳ ಹಣ ಬಿಟ್ಟೆ. ಮಕ್ಕಳೇ ಹೆಚ್ಚಿದ್ದ ಪಾರ್ಟಿ ಅದು. ಬಡಿಸಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ದಪ್ಪ ಮುದ್ದೆಯ ಒಳಗೆ ಬಿಸಿ ಬಹಳ ಹೊತ್ತು ನಿಲ್ಲುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಬೇಕು. ಮೊದಲೇ ಮಾಡುವುದಾದರೆ ಎರಡು ಇಂಚು ಆಳದ ಟ್ರೇಗಳಲ್ಲಿ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಿ. ಬಡಿಸುವ ಮುನ್ನ ನಡುಭಾಗ 75 ಡಿಗ್ರಿ ಮುಟ್ಟುವವರೆಗೆ ಬಿಸಿ ಮಾಡಿ, ಕೌಂಟರಿನಲ್ಲಿ 60ರ ಮೇಲೆಯೇ ಇಡಿ.

ಪ್ರತಿ ಅಡಿಗೆಮನೆಯಲ್ಲೂ ಒಂದು ಥರ್ಮಾಮೀಟರ್ ಇರಲಿ. ಒಂದು ಪಾರ್ಟಿ ಕೆಟ್ಟರೆ ಆಗುವ ನಷ್ಟದ ಮುಂದೆ ಅದರ ಬೆಲೆ ಏನೂ ಅಲ್ಲ.